ಶಿವಕಾಂತಮ್ಮನ ಕೈಯಾಗ ಕೆಟ್ಟ ಬಾಳಿ

ನಮ್ಮ ಆಯಿ ಶಿವಕಾಂತಮ್ಮ ಹಾವಿಗೆ ಅಂಜತಿರಲಿಲ್ಲ. ಹಿತ್ತಲದಾಗ ನಾಗರಹಾವು ಕಂಡ್ರ ಕೋಲು ಹಿಡದು ಹಾದಿ ತೋರಿಸಿ, "ಹೋಗಪ್ಪ, ನಿನ್ನ ಕೆಲಸಕ್ಕ ನೀ ಹೋಗು" ಅಂತಿದ್ದಳು. ಕಾಲರಾ ಬಂದು ಓಣಿ ಬಾಗಲಾ ಹಾಕ್ಕೊಂಡು ಕುಂತಾಗ ಬಾಜೂ ಮನಿಯವರಿಗೆ ಗಂಜಿ ಕಾಸಿ ಕೊಟ್ಟಾಕಿ. ಅಂಥಾಕಿ ಬಾಳಿಹಣ್ಣಿಗೆ ಅಂಜತಿದ್ದಳು ಅಂದ್ರ ನೀವು ನಗತೀರಿ. ನಗ್ರಿ, ನಾನೂ ಸಣ್ಣಾಕಿದ್ದಾಗ ನಕ್ಕೀನಿ. ಮನಿಗೆ ಯಾರರ ಬಾಳಿಹಣ್ಣು ತಂದ್ರ ಆಕಿ ಮೊದಲ ಮುಟ್ಟತಿರಲಿಲ್ಲ. ಬ್ಯಾರೇದವರು ಸುಲದು, ತಿಂದು, "ಛಲೋ ಅದ" ಅಂದ ಮ್ಯಾಲೇ ಆಕಿ ಕೈ ಮುಂದ ಬರತಿತ್ತು. ಯಾಕ ಅಂತ ನಮ್ಮವ್ವ ಗುರುಬಾಯಿ ನನಗ ಹೇಳಿದ್ದು ನನ್ನ ಮದುವಿ ಆದ ಮ್ಯಾಲ. ಅದಾದ ಮ್ಯಾಲ ನಾ ನಗಲಿಲ್ಲ.

ನಾ ರೇವಮ್ಮ. ಆಯಿಯ ಮಗಳ ಮಗಳು. ನನ್ನ ಬಾಯಿ ಜೋರು ಅಂತ ಎಲ್ಲಾರೂ ಅಂತಾರ, ಅನ್ಲಿ. ನಮ್ಮ ಆಯಿ ಬಾಯಿ ಇಲ್ಲದಾಕಿ, ಆಕಿ ಪಾಲಿನದ್ದೂ ನನಗ ಬಂದಿರಬೇಕು.

ಆಗ ನಿಜಾಮರ ರಾಜ್ಯ. ಊರ ಊರೇ ಹೊತ್ತು ಒಯ್ದ ಆ ದೊಡ್ಡ ಜ್ವರ ಬಂದು ಹೋಗಿ ಮೂರ್ನಾಕು ವರ್ಷ ಆಗಿತ್ತು. ಆಯಿ ಗಂಡ ನೀಲಕಂಠ ಆ ಜ್ವರದಾಗೇ ಹೋದ. ಆಕಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ, ಬಗಲಾಗ ನಮ್ಮವ್ವ. ಕಲಬುರಗಿಯ ಶಹಾಬಜಾರದಾಗ ಗಂಡನ ಮನಿ. ಮನ್ಯಾಗ ಅತ್ತಿ ದುಂಡಮ್ಮ, ಗಂಡನ ಅಣ್ಣ ಖಂಡೆಪ್ಪ, ಅವನ ಹೆಂಡತಿ ಲಲಿತಾಬಾಯಿ. ಹಣ್ಣಿನ ವ್ಯಾಪಾರದ ಮನಿ. ಕೊಳ್ಳಾಗ ಲಿಂಗ ಕಟ್ಟಿದ ಮಂದಿ, ದಿನಾ ಬಸವಣ್ಣನ ಹೆಸರು ಹೇಳತಿದ್ರು, ನಮಗ ಸೂತಕ ಇಲ್ಲ ಅಂತಿದ್ರು. ಆದ್ರ ಹೊರಗ ಹೊಂಟಾಗ ಗಂಡ ಸತ್ತಾಕಿ ಎದುರಿಗೆ ಬಂದ್ರ ಹೊಸ್ತಿಲದಿಂದ ಕಾಲು ಹಿಂದಕ್ಕ ತಗೋತಿದ್ರು. ದುಂಡಮ್ಮನೂ ಗಂಡ ಸತ್ತಾಕಿನೇ ಮತ್ತ. ಆದ್ರ ಆಕಿಗೆ ಗಂಡು ಮಗ ಅದಾನ, ಹಂಗಂತ ಆಕಿದು ನಡೀತದ. ಇದು ಯಾವ ಶರಣರು ಹೇಳಿಕೊಟ್ಟ ಲೆಕ್ಕ ಅಂತ ನಾ ಬೇಕಾದಷ್ಟು ಮಂದಿಗೆ ಕೇಳೀನಿ, ಯಾರೂ ಹೇಳಿಲ್ಲ.

ಕಮಲಾಪುರದ ಕೆಂಪು ಬಾಳಿ ನಿಮಗ ಗೊತ್ತದಲ್ಲ. ಆಯಿ ತವರುಮನಿ ಅದೇ ಊರು. ಅಲ್ಲಿ ತೋಟದಾಗ ಬಲಿತ ಗೊನಿ ಕಡದು, ಸಂಜಿಮುಂದ ಗಾಡಿಗೆ ಹೇರಿದ್ರ, ಎತ್ತು ರಾತ್ರಿ ತಂಪಿನಾಗ ನಡದು, ತಾಜಸುಲ್ತಾನಪುರ ದಾಟಿ, ನಸುಕಿನಾಗ ನಮ್ಮ ಓಣಿಗೆ ಬರತಿದ್ವು. ಗೊನಿ ಬಲಿತಿರತದ, ಹಣ್ಣಾಗಿರೂದಿಲ್ಲ. ಅದನ್ನ ಹಿತ್ತಲದಾಗಿನ ತಗ್ಗಿನಾಗ ಇಳಿಸಿ, ಮ್ಯಾಲ ಎಲಿ ಹುಲ್ಲು ಮುಚ್ಚಿ, ತೂತಿನ ಗಡಗಿಯೊಳಗ ಕುಳ್ಳು ಹಚ್ಚಿ ಹೊಗಿ ಊದಿ, ಬಾಯಿಗೆ ಕೆಸರು ಮೆತ್ತಿ ಬಿಡಬೇಕು. ಇದಕ್ಕ ಅಡಿ ಹಾಕೂದು ಅಂತಾರ. ಛಲೋ ಬಿದ್ರ ಹಣ್ಣು ಕೆಂಡದ ಬಣ್ಣ ಬರತದ. ಕೆಟ್ರ ಕರ್ರಗಾಗಿ, ಒಳಗ ನೀರಾಗಿ, ಹುಳಿ ನಾತ ಹೊಡೀತದ. ಈ ಕೆಲಸ ಮೊದಲ ನೀಲಕಂಠ ಮತ್ತ ನಮ್ಮ ಆಯಿ ಕೂಡಿ ಮಾಡತಿದ್ರು. ಗಂಡ ಹೋದ ಮ್ಯಾಲ ಆಕಿನೇ ಮಾಡತಿದ್ದಳು, ನೆಗೆಣ್ಣಿ ಲಲಿತಾಬಾಯಿ ಜೋಡಿಗಿರತಿದ್ದಳು. ಒಂದು ಗೊನಿ ಕೆಟ್ಟಿರಲಿಲ್ಲ.

ಆಮ್ಯಾಲ ಆ ಚಳಿಗಾಲದಾಗ ಲಲಿತಾಬಾಯಿ ಕೂಸು ಹೋತು. ಅದಕ್ಕೂ ಮೊದಲ ಒಂದು ಹೋಗಿತ್ತು. ಈ ಎರಡನೇದನ್ನ ಸೂಲಗಿತ್ತಿ ಕೈಯಿಂದ ಮೊದಲ ಇಸಗೊಂಡಾಕಿ ನಮ್ಮ ಆಯಿ. ಮನಿಯವರು ತಲಿ ಕೆಡಿಸಿಕೊಂಡು ಕುಂತಿದ್ರು, ಯಾರದರ ಮ್ಯಾಲ ಹಾಕಬೇಕಲ್ಲ, ಹಾಕಿದ್ರು. "ಇನ್ನ ಮ್ಯಾಲ ಮುಂಜಾನಿ ಎದ್ದು ಇಕಿ ಮಾರಿ ಕಾಣಬಾರದು" ಅಂದ ಖಂಡೆಪ್ಪ. ಗಾಡಿ ಬಂದ ಕೂಡ್ಲೇ ಮುತ್ತೈದಿ ಲಲಿತಾಬಾಯಿ ಅರಿಶಿಣ ಕುಂಕುಮ ಏರಿಸಿ ಒಂದು ತಗ್ಗು ಮುಚ್ಚಬೇಕು. ಪೂಜಿ ಆಗಬೇಕು. ಅಂಗಡ್ಯಾಗ ಬೋಣಿ ಆಗಬೇಕು. ಅದೆಲ್ಲಾ ಆದ ಮ್ಯಾಲ ಒಬ್ಬರು ಬಂದು "ಈಗ ಬಾ" ಅಂದ್ರ, ಆಯಿ ಹಿತ್ತಲ ಬಾಗಲದಿಂದ ಬಂದು ತನ್ನ ಪಾಲಿನ ಗೊನಿ ಎರಡನೇ ತಗ್ಗಿಗೆ ಹಾಕಬೇಕು. ಅಲ್ಲೀತನಾ ಆ ಗೊನಿ ಹಿತ್ತಲದಾಗ ಹಾಸಿದ ಪರಸಿ ಕಲ್ಲಿನ ಮ್ಯಾಲ ಬಿದ್ದಿರತಿದ್ವು.

ಬ್ಯಾಸಗಿ ಬಂತು. ಆಯಿ ಹಾಕಿದ ತಗ್ಗು ಕೆಡಾಕ ಹತ್ತಿದ್ವು.

ಮೊದಲ ಸಲ ಹುಲ್ಲು ತೆಗೆದಾಗ ಕರ್ರಗಿನ ಹಣ್ಣು ಕಂಡ್ವು. ಎರಡನೇ ಸಲನೂ ಹಂಗೇ ಆತು. ಅದೇ ಗಾಡಿಯ ಗೊನಿ, ಲಲಿತಾಬಾಯಿ ಹಾಕಿದ್ದು ಕೆಂಡದಂಗ, ಇಕಿದು ಬೂದಿ. ಯಾರೂ ಏನೂ ಅನ್ನೂದಕ್ಕಿಂತ ಮೊದಲೇ ಆಕಿ ತನ್ನ ಕೈ ತಾ ನೋಡ್ಕೊಂಡಳು. ಗೊನಿ ಎತ್ತಾಗೆಲ್ಲಾ ಅಂಗೈ ಬೆಚ್ಚಗಾಗತಿತ್ತು, ಒಮ್ಮೊಮ್ಮೆ ಸುಡತಿತ್ತು. ತನ್ನ ಕೈಯೇ ಸುಡಾಕತ್ತದ, ಕೈಯಾಗ ಏನೋ ಸೇರಿಕೊಂಡದ ಅಂತ ಆಕಿಗೆ ಅನಿಸಿತ್ತು. ಹೇಳಿದ್ರ ಮನಿಯವರು ಹೊರಗ ಹಾಕ್ತಾರ ಅಂತ ಅದನ್ನ ಒಳಗೇ ನುಂಗಿದ್ದಳು.

ಆ ವರ್ಷ ರಮಜಾನ್ ಕಡು ಬಿಸಲಾಗ ಬಂದಿತ್ತು. ದರ್ಗಾ ಕಡಿ ಬಜಾರದಾಗ ಹಣ್ಣು ಮಾರೋ ಕರೀಂಸಾಬ್ ನಮ್ಮ ಮನಿಯಿಂದಲೇ ಹಣ್ಣು ಒಯ್ಯತಿದ್ದ. ರೋಜಾ ಬಿಡೋ ಹೊತ್ತಿಗೆ ಮಂದಿ ಮೊದಲ ಹಣ್ಣಿಗೇ ಕೈ ಹಾಕ್ತಾರ. ಕೆಟ್ಟ ಹಣ್ಣು ಕೊಟ್ರ ಅಂವನ ಹೆಸರು ಕೆಡತದ. ಅಂವ ಬಂದು ಕಟ್ಟಿ ಮ್ಯಾಲ ಕುಂತು ಸಮಾಧಾನಲೇ ಹೇಳಿದ, "ಸಾವಕಾರ್ರ, ಅರ್ಧಾ ಮಾಲು ಹಿಂಗ ಬಂದ್ರ ನಾ ಬ್ಯಾರೇ ಕಡಿ ನೋಡಬೇಕಾಗತದ."

"ಮಾಲಿಂದೇನೂ ತಪ್ಪಿಲ್ಲ ಕರೀಂಸಾಬ್," ಅಂದ ಖಂಡೆಪ್ಪ. ದನಿ ಸಣ್ಣ ಮಾಡಲೂ ಇಲ್ಲ, ಒಳಗ ಕೇಳಲಿ ಅಂತನೇ ಅಂದಿದ್ದು. "ಕೈದು ತಪ್ಪು. ಗಂಡನ್ನ ತಿಂದ ಕೈ, ನನ್ನ ಕೂಸು ತಿಂದ ಕೈ. ಬಾಳಿ ಉಳೀತದೇನು?"

ಆಯಿ ಅಡಗಿಮನಿ ಬಾಗಲ ಹಿಂದ ನಿಂತಿದ್ದಳು.

ಕರೀಂಸಾಬ್ ಅಂದ, "ಬುರಾ ಮತ್ ಮಾನೋ, ಸಿಟ್ಟಿಗೇಳಬ್ಯಾಡ್ರಿ ಸಾವಕಾರ್ರ. ಅದು ನಿಮ್ಮ ಮನಿ ಮಾತು. ಆದ್ರ ವ್ಯಾಪಾರದಾಗ ಹಿಂಗಿರಬೇಕು ಅಂತ ನಡಿಯೂದಿಲ್ಲ, ಆಜಮಾಯಿಸಿ, ಪರೀಕ್ಷಾ ಮಾಡಿ ನೋಡಬೇಕು. ನಮ್ಮಪ್ಪ ಹೊಸ ತೋಟದ ಮಾವು ತಂದ್ರ ಹಳೇ ತೋಟದ್ದನ್ನೂ ಬಾಜೂಕ ಇಡತಿದ್ದ. ಅದೇ ಖೋಲಿ, ಅದೇ ಹುಲ್ಲು, ಅಷ್ಟೇ ದಿನ. ತೋಟ ಒಂದೇ ಬ್ಯಾರೆ. ಆಗ ಕೆಟ್ರ ತೋಟದ್ದೇ ಅಂತ ಗೊತ್ತಾಗತದ, ಹುಲ್ಲಿನ ಮ್ಯಾಲ ಹಾಕಾಕ ಬರೂದಿಲ್ಲ. ನೀವೂ ಹಂಗೇ ಮಾಡ್ರಿ. ಒಂದೇ ಗೊನಿ ತಗೊಂಡು ಚಿಪ್ಪು ಚಿಪ್ಪಾಗಿ ಹಣಗಿ ಬಿಡಿಸಿ, ಅರ್ಧ ಅವರಿಗೆ, ಅರ್ಧ ಇವರಿಗೆ ಕೊಡ್ರಿ. ಕುಳ್ಳು, ಹೊಗಿ, ಕೆಸರು ಎಲ್ಲಾ ಒಂದೇ ಇರ್ಲಿ. ಕೈ ಒಂದೇ ಬದಲಾಗ್ಲಿ."

ಖಂಡೆಪ್ಪಗ ಮಾತು ಹಿಡಿಸ್ತು. ಸಾಕ್ಷಿ ಸಿಗತದಲ್ಲ. "ಆತು. ಇಕಿ ಹಾಕಿದ್ದು ಕೆಟ್ಟಿತು ಅಂದ್ರ ಕಮಲಾಪುರದ ಗಾಡಿ ಖಾಲಿ ಹೋಗೂದಿಲ್ಲ. ಇಕಿ ಹತ್ತತಾಳ. ಹುಡುಗಿ ಇಲ್ಲೇ ಇರತದ, ನಮ್ಮ ಮನಿ ಕುಡಿ ಅದು."

ನಮ್ಮವ್ವ ಆಗ ಐದರ ಹುಡುಗಿ. ಆ ಮಾತು ಆಯಿ ಎದಿಯೊಳಗ ಹೊಕ್ಕು ಕುಂತಿತು. ತವರಿಗೆ ಹೋಗೂದಕ್ಕ ಆಕಿ ಅಂಜಲಿಲ್ಲ. ಮಗಳನ್ನ ಬಿಟ್ಟು ಹೋಗಬೇಕು ಅನ್ನೂದಕ್ಕ ಅಂಜಿದ್ದಳು. ಅಂಜಿಕಿ ಅಂದ್ರ ಹ್ಯಾಂಗ, ಬಡಿಯೋ ರೊಟ್ಟಿ ಎಲ್ಲಾ ಹರದು ಹೋಗತಿದ್ವಂತ.

ಪರೀಕ್ಷಾ ಆತು. ಕರೀಂಸಾಬನ ಎದುರಿಗೇ ಒಂದೇ ಗೊನಿ ಬಿಡಿಸಿ ಎರಡು ಪಾಲು ಮಾಡಿದ್ರು. ಲಲಿತಾಬಾಯಿ ನಸುಕಿನಾಗ ತನ್ನ ತಗ್ಗು ಮುಚ್ಚಿದಳು. ಆಮ್ಯಾಲ ಪೂಜಿ, ಬೋಣಿ. ಬಿಸಲೇರಿದ ಮ್ಯಾಲ ಆಯಿನ್ನ ಕರೆದ್ರು. ಅದೇ ಕುಳ್ಳು, ಅದೇ ಗಡಗಿ, ಅದೇ ಕೆಸರು. ಎಲ್ಲಾ ಒಂದೇ ಅದ ಅಂತ ಎಲ್ಲಾರೂ ಕಣ್ಣಾರೆ ನೋಡಿದ್ರು. ಹೊತ್ತು ಒಂದೇ ಇಲ್ಲ ಅನ್ನೂದು ಯಾರಿಗೂ ಕಾಣಲಿಲ್ಲ. ಅದು ಮನಿ ಕಟ್ಟಳಿ, ಮನಿ ಕಟ್ಟಳಿ ಯಾರ ಕಣ್ಣಿಗೆ ಬೀಳತದ ಹೇಳ್ರಿ. ಬೀಸೂ ಕಲ್ಲು ಒರಳು ಇದ್ದಂಗ ಅದೂ ಅಲ್ಲೇ ಬಿದ್ದಿರತದ.

ತೆಗೆದು ನೋಡಿದ್ರ ಆಯಿದು ಕರ್ರಗ.

ಕರೀಂಸಾಬ್ ಛಲೋ ಮನಷ್ಯಾ. "ಒಂದು ಸಲಕ್ಕ ಆಗೂದಿಲ್ಲ. ತಗ್ಗಿನ ಗುಣಾನೂ ಇರಬಹುದು, ತಗ್ಗು ಅದಲಿಬದಲಿ ಮಾಡ್ರಿ" ಅಂದ. ಮಾಡಿದ್ರು. ಎಡಕಿನದ್ದು ಇಕಿಗೆ, ಬಲಕಿನದ್ದು ಆಕಿಗೆ. ಮತ್ತ ಲಲಿತಾಬಾಯಿದು ಕೆಂಪು, ಆಯಿದು ಕರ್ರಗ. ಈ ಸಲ ಕರೀಂಸಾಬನೂ ತಲಿ ತಗ್ಗಿಸಿದ.

ಅವತ್ತಿನಿಂದ ಆಯಿಗೆ ಮಂದಿ ಅಂಜಿಕಿ ಹೋಗಿ, ತನ್ನ ಅಂಜಿಕಿ ಹತ್ತಿತು. ತಂದು ತೋರಿಸಿದ ಮ್ಯಾಲ ನಂಬದೇ ಹ್ಯಾಂಗ ಇರತಾಳ. ಗಂಡಗ ಜ್ವರದಾಗ ನೀರು ಕುಡಿಸಿದ್ದು ಈ ಕೈ. ಆ ಕೂಸಿನ್ನ ಇಸಗೊಂಡಿದ್ದು ಈ ಕೈ. ಹಂಗಾದ್ರ ಮಗಳಿಗೆ ದಿನಾ ತುತ್ತು ಇಡೂದೂ ಇದೇ ಕೈ ಅಲ್ಲೇನು? ನಮ್ಮವ್ವ ಮುಂಜಾನಿ ಬಾಚಣಿಕಿ ಹಿಡದು ಎದುರಿಗೆ ಬಂದು ಕುಂತ್ರ, ಆಯಿ ಎರಡೂ ಕೈ ಹಿಂದಕ್ಕ ಕಟ್ಟಿಕೊಂಡು, "ದೊಡ್ಡವ್ವನ ಹತ್ರ ಹೋಗವ್ವ" ಅಂತಿದ್ದಳಂತ. ಹುಡುಗಿ ಹತ್ರ ಬಂದಂಗೆಲ್ಲಾ ಆಕಿ ಗ್ವಾಡಿಗೆ ಸರೀತಿದ್ದಳು. "ನಮ್ಮವ್ವಗ ನಾ ಬ್ಯಾಡಾಗೀನಿ ಅಂತ ತಿಳ್ಕೊಂಡಿದ್ದೆ" ಅಂತ ನಮ್ಮವ್ವ ಹೇಳೋವಾಗ ಆಕಿಗೂ ಅರವತ್ತು ದಾಟಿತ್ತು, ಆದ್ರೂ ಕಣ್ಣಾಗ ನೀರು ಬಂದ್ವು. ನನಗಂತೂ ಖಂಡೆಪ್ಪ ಮುತ್ಯಾನ ಗೋರಿಗೆ ಹೋಗಿ ಬೈದು ಬರಬೇಕು ಅನಿಸಿತ್ತು.

ಮುಂದಿನ ಗಾಡಿ ಬಂದ ದಿನ ಆಯಿ ತನ್ನ ಗಂಟು ಕಟ್ಟಿ ಇಟ್ಟಿದ್ದಳು. ಸಂಜಿಗೆ ಹೋಗಬೇಕು. ಆದ್ರ ಅವತ್ತು ಲಲಿತಾಬಾಯಿ ನಸುಕಿನಾಗ ಏಳಲೇ ಇಲ್ಲ. ಎದ್ದಾಕಿ ವಾಂತಿ ಮಾಡಾಕ ಹತ್ತಿದಳು. ಮತ್ತ ಬಸರಾಗಿದ್ದಳು. ದುಂಡಮ್ಮ ಆಯಿಗೆ, "ಇವತ್ತು ಬ್ಯಾಡ, ಅಡಗಿ ಯಾರು ಮಾಡ್ತಾರ? ಮುಂದಿನ ಗಾಡಿಗೆ ಹೋಗಿಯಂತ" ಅಂದಳು. ಸಂಜಿಗೆ ಗಾಡಿ ಖಾಲಿ ಹೋತು. ಅವತ್ತು ಮುಂಜಾನಿಂದ ಗೊನಿ ಎಲ್ಲಾ ಪರಸಿ ಮ್ಯಾಲೇ ಬಿದ್ದಿದ್ವು. ಲಲಿತಾಬಾಯಿ ಹೊತ್ತೇರಿದ ಮ್ಯಾಲ ಗ್ವಾಡಿ ಹಿಡಕೊಂಡು ಬಂದು, ಎರಡೂ ತಗ್ಗು ತಾನೇ ಹಾಕಿದಳು. ಆಯಿಗೆ ಹಿತ್ತಲಿಗೆ ಕಾಲಿಡಾಕೂ ಬಿಡಲಿಲ್ಲ.

ತೆಗೆದಾಗ ಎರಡೂ ತಗ್ಗಿನ ಹಣ್ಣು ಕರ್ರಗ.

ಖಂಡೆಪ್ಪ ಹೆಂಡತಿ ಕಡಿ ತಿರುಗಿ ನೋಡಿದ. ಬಾಯಿಬಿಟ್ಟು ಅಂದಾಕಿ ದುಂಡಮ್ಮ. "ಎರಡು ಕೂಸು ಹೋಗಿದ್ದು ಸುಮ್ಮನ ಅಲ್ಲ. ನಾವು ಸಣ್ಣಾಕಿ ಕೈ ನೋಡಿದ್ವಿ, ದೊಡ್ಡಾಕಿ ಕೈ ನೋಡಲೇ ಇಲ್ಲ" ಅಂದಳು. ಆಮ್ಯಾಲ ತಾಜಸುಲ್ತಾನಪುರದಾಗ ತನ್ನ ಬಳಗದ ಒಂದು ಹುಡುಗಿ ಅದ, ಖಂಡೆಪ್ಪಗ ತಂದುಕೊಂಡ್ರಾತು ಅಂತ ಮಾತು ತೆಗೆದಳು. ಹೊಟ್ಟಿಯೊಳಗ ಕೂಸು ಇಟ್ಕೊಂಡು ನಿಂತಾಕಿ ಎದುರಿಗೇ. ಈಗ ಮನ್ಯಾಗ ಅಂಜಿದಾಕಿ ಒಬ್ಬಾಕಿ ಇರಲಿಲ್ಲ, ಇಬ್ಬರಾದ್ರು.

ಲಲಿತಾಬಾಯಿ ಅಡಗಿಮನಿಗೆ ಬಂದು ಒಲಿ ಮುಂದ ಕುಂತಳು. ಆಕಿ ಆಯಿ ಕೂಡ ಚಳಿಗಾಲದಿಂದ ಸರೀ ಮಾತಾಡಿರಲಿಲ್ಲ. ಅವತ್ತು ತಾನಾಗಿ ಕೈ ಮುಂದ ಚಾಚಿ ತೋರಿಸಿದಳು. "ಶಿವಕಾಂತಿ, ನಿನ್ನ ಕೈಗೆ ಏನು ಹತ್ತಿತ್ತೋ ಅದು ನನ್ನ ಕೈಗೂ ಹತ್ತೇದ. ಗೊನಿ ಎತ್ತಿದೆ ನೋಡು, ಅಂಗೈ ಸುಟ್ಟಂಗಾತು."

ಆಯಿ ಕೈಯಾಗಿನ ಸವಟು ಕೆಳಗ ಬಿತ್ತು. "ಅಕ್ಕಾ, ನಿನಗೂ ಸುಟ್ಟಿತೇನು? ನಸುಕಿನಾಗ ಹಾಕಾಗ ಸುಡತಿತ್ತೇನು?"

"ಇಲ್ಲ. ನಸುಕಿನಾಗ ಥಣ್ಣಗ ಇರತಿದ್ವು."

ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದ್ರು. ಮಧ್ಯಾಹ್ನದ ಹೊತ್ತು, ಗಂಡಸರು ಅಂಗಡ್ಯಾಗ, ಅತ್ತಿ ಮಲಗಿದ್ದಳು. ಆಯಿ ಹಿತ್ತಲಿಗೆ ಹೋಗಿ ಪರಸಿ ಕಲ್ಲಿನ ಮ್ಯಾಲ ಅಂಗೈ ಇಟ್ಟಳು, ಇಟ್ಟಾಕಿ ಕಿತ್ತುಕೊಂಡಳು. ಲಲಿತಾಬಾಯಿನೂ ಇಟ್ಟು ನೋಡಿದಳು. ಕಮಲಾಪುರದ ತೋಟದಾಗ ಆಯಿ ಅಪ್ಪ ಕಡದ ಗೊನಿನ್ನ ಬಿಸಲಿಗೆ ಬಿಡತಿರಲಿಲ್ಲ, ಗಿಡದ ಬುಡಕ್ಕೇ ಇಟ್ಟು ಎಲಿ ಮುಚ್ಚತಿದ್ದ. ಆಕಿ ಅದನ್ನ ಹುಟ್ಟಿದಾಗಿಂದ ನೋಡೀದಾಕಿ. ಆದ್ರ ಎದಿ ತುಂಬ ಅಂಜಿಕಿ ಕುಂತಾಗ ತಿಳದದ್ದೂ ತಿಳೀದಂಗ ಆಗತದ ನೋಡ್ರಿ.

"ಹೇಳೂಣು," ಅಂದಳು ಲಲಿತಾಬಾಯಿ. ಅಂದಾಕಿ ತಾನೇ ತಲಿ ಅಲ್ಲಾಡಿಸಿದಳು. "ಯಾರು ನಂಬತಾರ? ಕುಣಿಲಾರದಾಕಿ ನೆಲಾ ಡೊಂಕ ಅಂದ್ಲಂತ ಅಂತಾರ."

ಆಯಿಗೂ ಗೊತ್ತಿತ್ತು. ಅಷ್ಟೇ ಅಲ್ಲ, ಆಕಿಗೇ ಪೂರಾ ನಂಬಿಕಿ ಇರಲಿಲ್ಲ. ಬಿಸಲೂ ಇರಬಹುದು, ಕೈನೂ ಇರಬಹುದು, ಯಾರಿಗೆ ಗೊತ್ತು. ಆದ್ರ ಒಂದು ಆಕಿಗೆ ತಿಳೀತು. ಇಲ್ಲೀತನಾ ನೋಡಿದ್ದೆಲ್ಲಾ ಹೆಣ್ಣಿನ ಕೈ. ನೀಲಕಂಠನಂಗ ಅಡಿ ಹಾಕಾಕ ಇನ್ನೊಂದು ಗಂಡಿನ ಕೈ ಯಾಕ ಬರಬಾರದು ಅಂತ ಒಬ್ಬರೂ ಕೇಳಿರಲಿಲ್ಲ.

ಕರೀಂಸಾಬ್ ಮತ್ತ ಬಂದಾಗ, ಇನ್ನ ಬ್ಯಾರೇ ಕಡಿಯಿಂದನೇ ಮಾಲು ತರತೀನಿ ಅಂತ ಹೇಳಾಕ ಬಂದಿದ್ದ. ಆಯಿ ಭಾವನ ಎದುರಿಗೆ ಮಾತಾಡಾಕಿ ಅಲ್ಲ. ಬಾಗಲ ಹಿಂದ ನಿಂತು ಅತ್ತಿಗೆ ಹೇಳಿದಳು, ಕಟ್ಟಿ ಮ್ಯಾಲಿದ್ದವರಿಗೆ ಕೇಳೂವಂಗ.

"ಅತ್ತಿ, ಅಕ್ಕನ ಕೈ ನೋಡಿದ್ರಿ, ನನ್ನದೂ ನೋಡಿದ್ರಿ. ಹೋಗೂಕಿಂತ ಮೊದಲ ಒಂದು ಕೇಳತೀನಿ. ಈ ಸಲ ಭಾವನೋರು ಹಾಕ್ಲಿ. ನನ್ನ ಪಾಳಿ ಅವರು ತಗೋಳ್ಳಿ, ಅಕ್ಕನ ಪಾಳಿ ನನಗ ಕೊಡ್ಲಿ. ಗೊನಿ ಒಂದೇ, ಆಯಾ ಪಾಳಿಗೆ ಇಡೂ ಜಾಗಾ ಅದೇ, ಹೊತ್ತು ಅದೇ."

ಅಷ್ಟು ಮಾತು ಆಕಿ ಆ ಮನ್ಯಾಗ ಎಂದೂ ಒಮ್ಮೆಲೇ ಆಡಿರಲಿಲ್ಲ. ಬಿಸಲಿನ ಹೆಸರು ತೆಗೀಲಿಲ್ಲ. ತೆಗದಿದ್ರ ಅಲ್ಲೇ ಮುಗೀತಿತ್ತು. ಬಾಗಲ ಚೌಕಟ್ಟು ಹಿಡದು ನಿಂತಿದ್ದಳಂತ.

"ನಸುಕಿನಾಗ ಇಕಿ ಮಾರಿ ನೋಡಬೇಕೇನು?" ಅಂದಳು ದುಂಡಮ್ಮ.

ಕರೀಂಸಾಬ್ ಖಂಡೆಪ್ಪನ ಕಡಿ ನೋಡಿ, "ಮಾತು ಬರೋಬ್ಬರಿ ಅದ ಸಾವಕಾರ್ರ. ನಿಮ್ಮ ಕೈಯಾಗ ಛಲೋ ಬಂತು, ಅವರ ಕೈಯಾಗ ನಸುಕಿನಾಗೂ ಕೆಟ್ಟಿತು ಅಂದ್ರ ನಾ ಬಾಯಿ ಮುಚ್ಚತೀನಿ. ಮಾಲೂ ನಿಮ್ಮ ಕಡಿನೇ ತಗೋತೀನಿ" ಅಂದ.

"ನನ್ನ ಕೈಗೆ ಏನಾಗೇದ?" ಅಂತ ಖಂಡೆಪ್ಪ ನಕ್ಕ. "ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು. ನಾನೇ ಹಾಕ್ತೀನಿ. ಒಂದು ದಿನ ಇಕಿ ಮಾರಿ ನೋಡ್ತೀನಿ, ಆಮ್ಯಾಲ ಗಾಡಿ ಹತ್ತೇ ಹತ್ತತಾಳ."

ಗಾಡಿ ಬಂದ ನಸುಕಿನಾಗ ಆಯಿ ಎದ್ದು ಮೈ ತೊಳಕೊಂಡು ಹಿತ್ತಲಿಗೆ ಹೋದಳು. ಚಳಿಗಾಲ ಆದ ಮ್ಯಾಲ ಮೊದಲ ಸಲ ಆ ಹೊತ್ತಿಗೆ ಗೊನಿ ಮುಟ್ಟಿದ್ದು. ಥಣ್ಣಗಿತ್ತು. ಆ ಥಂಡಿಗೇ ಆಕಿ ಮತ್ತ ಅಂಜಿದಳು. ಇಷ್ಟು ಛಲೋ ಗೊನಿ, ಇದೂ ಕೆಟ್ರ ಇನ್ನ ಯಾವ ನೆವ ಉಳೀತು? ಕೈ ಅಂದ್ರ ಕೈನೇ. ಹಣಗಿ ಒಂದೊಂದೂ ಇಳಿಸುವಾಗ ಬಟ್ಟಿನ ತುದಿಲೆ ಹಿಡದು ಇಳಿಸಿದಳಂತ, ಎಷ್ಟು ಕಡಿಮಿ ಮುಟ್ಟಾಕ ಆಗತದೋ ಅಷ್ಟು ಕಡಿಮಿ ಮುಟ್ಟಿ.

ಕೆಸರು ಮೆತ್ತಿ ತಲಿ ಎತ್ತಿ ನೋಡತಾಳ, ಮೂಡಲಾಗ ಮೋಡ.

ವೈಶಾಖದಾಗ ಒಮ್ಮೊಮ್ಮೆ ಹಂಗ ಮೋಡ ಕಟ್ಟತದ, ನಾಕು ಹನಿನೂ ಬೀಳೂದಿಲ್ಲ. ಓಣಿ ಮಂದಿ ಎಲ್ಲಾ ಸ್ವಲ್ಪ ತಂಪಾತು ಅಂತ ಕಟ್ಟಿಗೆ ಬಂದು ಕುಂತಿದ್ರು. ಈ ಇಬ್ಬರು ಹೆಂಗಸರು ಅಡಗಿಮನಿ ಕಿಡಕಿಯಿಂದ 'ಬಿಸಲು ಬರಲಿ ಶಿವನೇ' ಅಂತ ಬೇಡಾಕತ್ತಿದ್ರು. ಕಲಬುರಗಿಯಾಗ ಬ್ಯಾಸಗಿ ಬಿಸಲು ಬೇಡಿಕೊಂಡವರು ಇವರಿಬ್ಬರೇ ಇರಬೇಕು. ಖಂಡೆಪ್ಪನ ಪಾಲಿನ ಹಣಗಿ ಪರಸಿ ಮ್ಯಾಲ ಬಿದ್ದಿದ್ವು. ಅಂವ ಸ್ನಾನ ಮಾಡಿದ, ಪೂಜಿ ಮಾಡಿದ, ಅಂಗಡಿಗೆ ಹೋಗಿ ಬೋಣಿ ಮಾಡಿ ಬಂದ. ಅಂವ ಬರೂ ಹೊತ್ತಿಗೆ ಮೋಡ ಚದರಿ ಬಿಸಲು ಬಿತ್ತು ಖರೆ, ಆದ್ರ ಎಷ್ಟೊತ್ತು ಬಿದ್ದಿತ್ತು? ಸಾಕಾತೋ ಇಲ್ಲೋ? ಕೇಳಾಕ ಯಾರು ಅದಾರ. ಖಂಡೆಪ್ಪ ತೋಳೇರಿಸಿ, ಎತ್ತಿ, ಇಳಿಸಿ, ಹೊಗಿ ಊದಿ, ಕೆಮ್ಮಿ, ಕೆಸರು ಮೆತ್ತಿ ಕೈ ಝಾಡಿಸಿದ. "ಇದಕ್ಕೇನು ದೊಡ್ಡ ವಿದ್ಯಾ ಬೇಕೇನು?" ಅಂದ.

ತಗ್ಗು ತೆಗಿಯೋತನಾ ಆಯಿ ನೀರು ಬಿಟ್ರ ಏನೂ ಬಾಯಿಗೆ ಇಡಲಿಲ್ಲ. ಲಲಿತಾಬಾಯಿ ತಿಂದದ್ದೆಲ್ಲಾ ಕಕ್ಕಿದಳು, ಬಸರಿಂದೋ ಅಂಜಿಕಿದೋ ಯಾರಿಗೂ ತಿಳೀಲಿಲ್ಲ. ಮನ್ಯಾಗ ಯಾರೂ ಅವರ ಕೂಡ ಮಾತಾಡಲಿಲ್ಲ. ದುಂಡಮ್ಮ ಒಂದು ಸಲ ಬಂದು ಆಯಿ ಗಂಟು ಬಿಚ್ಚಿ ನೋಡಿ, ಹುಡುಗಿ ಅಂಗಿ ಅದರೊಳಗ ಇಟ್ಟಾಳೇನು ಅಂತ ತಪಾಸ ಮಾಡಿ ಹೋದಳು. ಇಟ್ಟಿರಲಿಲ್ಲ.

ಮತ್ತ ಗಾಡಿ ಬಂದ ದಿನ ತಗ್ಗು ತೆಗೆದ್ರು. ಕರೀಂಸಾಬ್ ತಾನೇ ಬಗ್ಗಿ ಹುಲ್ಲು ಎತ್ತಿದ. ಮೊದಲ ಆಯಿದು. ಎಲಿ ಸರಿಸಿದ ಕೂಡ್ಲೇ ಘಮ್ ಅಂತ ವಾಸನಿ ಹಿತ್ತಲೆಲ್ಲಾ ತುಂಬಿತು. ಹಣಗಿ ಎತ್ತಿ ಬಿಸಲಿಗೆ ಹಿಡದ, ಕೆಂಡದ ಬಣ್ಣ. ಒಂದೂ ಕಲಿ ಇಲ್ಲ. ಖಂಡೆಪ್ಪ "ಹೂಂ" ಅಂದ, ಅಷ್ಟೇ.

ಆಮ್ಯಾಲ ಅವನ ತಗ್ಗು. ಹುಲ್ಲು ಎತ್ತೂದಕ್ಕಿಂತ ಮೊದಲೇ ಹುಳಿ ನಾತ ಬಂತು. ಕರೀಂಸಾಬ್ ಒಂದು ಹಣಗಿ ಎತ್ತಿದ, ಹಣ್ಣು ಕೈಯಾಗೇ ಕಳಚಿ ಪಚ್ಚಂತ ಕೆಳಗ ಬಿತ್ತು. ಕರ್ರಗ, ಒಳಗ ನೀರು.

ಖಂಡೆಪ್ಪ ಒಂದು ಗಳಿಗಿನೂ ತಡಾ ಮಾಡಲಿಲ್ಲ. ತನ್ನ ಕೈ ನೋಡ್ಕೊಳ್ಳಲಿಲ್ಲ. ಹಿತ್ತಲದ ಪರಸಿ ಕಡಿ ಬಟ್ಟು ತೋರಿಸಿ, "ಬಿಸಲಿಗೆ ಬಿದ್ದಿದ್ವಲ್ಲ. ನಾ ಎತ್ತಿದಾಗೇ ಬೆಚ್ಚಗಿದ್ವು. ಗೊನಿ ಕುದ್ದಾವ, ಮತ್ತೇನು" ಅಂದ. ಇದು ಎಲ್ಲಾರಿಗೂ ಗೊತ್ತಿದ್ದ ಮಾತೇ ಅನ್ನೂವಂಗ ಅಂದ.

ಲಲಿತಾಬಾಯಿ ಒಳಗಿನಿಂದ ಹೊರಗ ಬಂದಳು. ಪರ ಗಂಡಸರ ಎದುರಿಗೆ ಗಂಡನ ಕೂಡ ಮಾತಾಡಿದ್ದು ಆಕಿ ಜನ್ಮದಾಗ ಅದೇ ಮೊದಲು. ಸೆರಗು ತಲಿ ಮ್ಯಾಲ ಎಳಕೊಂಡು, ಮೆಲ್ಲಗ ಕೇಳಿದಳು.

"ನಮ್ಮ ಕೈಯಾಗ ಕೆಟ್ಟಾಗ ಬಿಸಲು ಇರಲಿಲ್ಲೇನ್ರಿ?"

ಖಂಡೆಪ್ಪ ಕೆಳಗ ಬಿದ್ದ ಹಣ್ಣು ಕಾಲಿಲೆ ಸರಿಸಿದ. ಕರೀಂಸಾಬ್ ಕೈ ಒರಸ್ಕೋತ, ನಾಳಿಂದ ಗೊನಿ ನೆರಳಿಗೆ ಇಳಿಸ್ರಿ, ಎರಡೂ ತಗ್ಗು ನಸುಕಿನಾಗೇ ಆಗ್ಲಿ, ನನ್ನ ಮಾಲು ಇಲ್ಲಿಂದೇ ಅಂತ ಹೇಳಿ, ಆಯಿ ಹಾಕಿದ ಹಣ್ಣು ಬುಟ್ಟಿಗೆ ತುಂಬಿಕೊಂಡ. ದುಂಡಮ್ಮ ಪೂಜಿಗೆ ಹೊತ್ತಾತು ಅಂತ ಒಳಗ ಹೋದಳು. ತಪ್ಪಾತು ಅಂತ ಯಾರ ಬಾಯಿಂದಲೂ ಬರಲಿಲ್ಲ, ಆ ಮನ್ಯಾಗ ಮುಂದ ಎಂದೂ ಬರಲಿಲ್ಲ. ಆಯಿ ಅದೇ ತಗ್ಗಿನ ಮುಂದ ಕಾಯಿ ಇಳಿಸ್ಕೋತ ಮುದುಕಿ ಆದಳು, ಆದ್ರ ಹಣ್ಣಾದದ್ದನ್ನ ಮಾತ್ರ ಮೊದಲ ಮುಟ್ಟಲಿಲ್ಲ. ಲಲಿತಾಬಾಯಿ ಹೊಟ್ಟಿಯಾಗಿದ್ದ ಕೂಸು ಉಳಿದು ನನಗ ಸೋದರಮಾವ ಆಗಿ ಬಾಳಿದ. ಅದೆಲ್ಲಾ ಆಮ್ಯಾಲಿನ ಮಾತು.

ಅವತ್ತು ಸಂಜಿಮುಂದ ಗಾಡಿಯವ ಎತ್ತು ಹೂಡಿ ಬಾಗಲಿಗೆ ಬಂದು, "ಸಾವಕಾರ್ರ, ನಮ್ಮೂರ ತಂಗಿಯವರು ಬರ್ತಾರೇನ್ರಿ ಕಮಲಾಪುರಕ್ಕ?" ಅಂತ ಕೇಳಿದ. ಹೇಳಿ ಇಟ್ಟಿದ್ರಲ್ಲ ಅವನಿಗೆ.

ಖಂಡೆಪ್ಪ ಹೊರಗ ಬರಲಿಲ್ಲ. ಒಳಗ ಕುಂತಲ್ಲಿಂದನೇ, "ಇಲ್ಲ, ನೀ ಖಾಲಿ ಹೋಗು" ಅಂದ.

ಆಯಿ ನಡುಮನ್ಯಾಗ ನಿಂತಿದ್ದಳು. ಆಕಿ ನಂಬಲಿಲ್ಲ. ಮತ್ತ ಕರೀತಾರೇನೋ ಅಂತ ಕಿವಿ ಬಾಗಲಿಗೇ ಇಟ್ಟಿದ್ದಳು. ಗಾಡಿ ಓಣಿ ದಾಟಿ, ಗಾಲಿ ಸಪ್ಪಳ ಪೂರಾ ಹೋಗೋತನಾ ಅಲ್ಲೇ ನಿಂತಳು. ಬಾಜೂಕ ನಿಂತ ನಮ್ಮವ್ವ ಅಳಾಕ ಹತ್ತಿದಳು. ಆಯಿ ಆಕಿ ಮುಂಗೈನ ಹಿಡದಿದ್ದಳು, ಬಳಿ ಒಡದು ರಕ್ತ ಬರೂವಷ್ಟು ಬಿಗಿ. ಹಿಡದೀನಿ ಅನ್ನೂದು ಆಕಿಗೇ ಗೊತ್ತಿರಲಿಲ್ಲ.